ತತ್ತಿ ಮೇಲೆ ಕುಳಿತವರ ಉಪವಾಸ

ಹಕ್ಕಿ ಹಿಡಿಯಲು ಹೋದವರ ಬಲೆಗೆ ಹಕ್ಕಿಗಿಂತ ಮೊದಲು ಮನುಷ್ಯರೇ ಬೀಳುತ್ತಾರೆ. ಇದು ನನ್ನ ಎರಡು ಬೇಸಿಗೆಗಳ ಅನುಭವ. ಎಲ್ಲವನ್ನೂ ಆಯಾ ದಿನವೇ ಬರೆದಿಟ್ಟಿದ್ದೇನೆ, ಆದ್ದರಿಂದ ಇದರಲ್ಲಿ ಉಪ್ಪುಖಾರ ಹಚ್ಚಿದ್ದು ಏನೂ ಇಲ್ಲ. ನಾನು ಎಪ್ಪತ್ತರ ದಶಕದಲ್ಲಿ ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು. ಬೈಲಹೊಂಗಲದ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರು ಹಚ್ಚಿದ ದಿನ, ಎಮ್ಮೆ ಈದ ದಿನ, ಮಕ್ಕಳಿಗೆ ಮೊದಲ ಹಲ್ಲು ಬಂದ ದಿನ, ಯಾವುದನ್ನು ಕೇಳಿದರೂ ಪುಟ ತೆಗೆದು ತೋರಿಸುತ್ತೇನೆ. ಇಂಥ ಅತ್ತೆಗೆ ತಕ್ಕ ಸೊಸೆ ರಾಮದುರ್ಗದಿಂದ ಬಂದಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ., ಮೇಲೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವಳು.

ಹಾಲು ಕಾಸಿದ ಅನುಭವ

ಸವದತ್ತಿ ಹತ್ತಿರ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿಯುತ್ತದೆ. ಆಗ ಮೇಲೆದ್ದ ಉಸುಕಿನ ದಿಬ್ಬಗಳ ಮೇಲೆ ಹಳದಿ ಕೊಕ್ಕಿನ, ಕರಿ ಟೊಪ್ಪಿಗೆಯ ಹಕ್ಕಿಗಳು ಬಂದು ತತ್ತಿ ಇಡುತ್ತವೆ. ಪುಸ್ತಕದಲ್ಲಿ ಇವಕ್ಕೆ ರೀವ ಎಂದು ಹೆಸರು, ಅಲ್ಲಿಯ ಜನಕ್ಕೆ ಬರೀ ಹೊಳಿಹಕ್ಕಿ. ಸಮುದ್ರದ ಹಕ್ಕಿಗಳ ಬಳಗದವು, ನಮ್ಮ ಬಯಲುಸೀಮೆಗೆ ಬಂದು ಮನೆ ಮಾಡಿಕೊಂಡಿವೆ. ಜೋಡಿಯಲ್ಲಿ ಒಂದು ಮೀನಿಗೆ ಹೋದರೆ ಇನ್ನೊಂದು ಸುಡುವ ಉಸುಕಿನಲ್ಲಿ ತತ್ತಿಯ ಮೇಲೆ ಕುಳಿತಿರಬೇಕು. ಹೋದದ್ದು ಬರುವತನಕ ಕುಳಿತದ್ದಕ್ಕೆ ಉಪವಾಸ. ಉಪವಾಸ ಬೆಳೆದಂತೆ ಅದರ ರಕ್ತದಲ್ಲಿ ಒತ್ತಡದ ಹಾರ್ಮೋನು ಎಷ್ಟು ಏರುತ್ತದೆ, ಯಾವ ಹಂತದಲ್ಲಿ ಅದು ತತ್ತಿ ಬಿಟ್ಟು ಎದ್ದು ಹೋಗುತ್ತದೆ, ಇದು ನಮ್ಮ ಸೊಸೆಯ ವಿಷಯ.

ಎರಡು ಬೇಸಿಗೆಗಳಲ್ಲಿ ನಲವತ್ತು ಹಕ್ಕಿಗಳ ತೂಕ ಮತ್ತು ಒಂದೊಂದು ಹನಿ ರಕ್ತ ಬೇಕು. ಆಗದಿದ್ದರೆ ವಿದ್ಯಾರ್ಥಿವೇತನವೂ ಮುಗಿಯಿತು, ಪಿಎಚ್.ಡಿ.ಯೂ ಮುಗಿಯಿತು. ಅದರಲ್ಲೂ ಒಂದು ಕಟ್ಟುನಿಟ್ಟು: ಬಲೆ ಬಿದ್ದ ಮೂರು ನಿಮಿಷದೊಳಗೆ ರಕ್ತ ತೆಗೆಯಬೇಕು. ತಡವಾದರೆ ಹಿಡಿದ ಗಾಬರಿಗೇ ಹಾರ್ಮೋನು ಏರಿ, ಉಪವಾಸದ್ದೆಷ್ಟು ಗಾಬರಿಯದೆಷ್ಟು ಎಂದು ತಿಳಿಯುವುದಿಲ್ಲ. ಅರಣ್ಯ ಇಲಾಖೆಯ ಪರವಾನಗಿ ಸಿಕ್ಕಿತು, ಆದರೆ ಗಡಿಯಾರ ಹಿಡಿಯಬೇಕಾದ ಸಹಾಯಕ ಎರಡೇ ದಿನದ ಬಿಸಿಲಿಗೆ ಓಡಿಹೋದ. ನಾನು ಬರುತ್ತೇನೆ ಎಂದೆ. ಸೊಸೆಯ ಗೈಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಮ್ಮಾರ, ನಿಮಿಷ ಸೆಕೆಂಡ್ ನೋಡಿ ಕೆಲಸಾ ಮಾಡಿದ ಅನುಭವ ಐತೇನ್ರಿ?”

“ಮದುವಿ ಆದಾಗಿಂದ ಹಾಲು ನಾನ ಕಾಸತೇನ್ರಿ. ಒಮ್ಮೆನೂ ಉಕ್ಕಿಸಿಲ್ಲ.”

ಅವರು ಒಪ್ಪಿದರು. ಹೊರಗೆ ಬಂದ ಮೇಲೆ ಸೊಸೆ ಮೆಲ್ಲಗೆ ಅಂದಳು: “ಅತ್ಯಾರ, ಎರಡು ಸಲ ಉಕ್ಕಿದ್ದು ನಾನ ನೋಡೇನಲ್ಲರಿ.”

“ಅದು ನೀ ಬಂದ ಮ್ಯಾಲ,” ಎಂದೆ.

ಸಂಬಂಧ ಹತ್ತಿದ್ದು

ಕೆಲಸ ಹೀಗೆ: ಗೂಡು ಅಂದರೆ ಉಸುಕಿನಲ್ಲಿ ಒಂದು ತಗ್ಗು. ಅದರ ಮೇಲೆ ಬಲೆಯ ಬೋನು ಇಟ್ಟು ದೂರ ಕೂಡುವುದು. ಹಕ್ಕಿ ಬಂದು ತತ್ತಿಯ ಮೇಲೆ ಕುಳಿತರೆ ದಾರ ಜಗ್ಗುವುದು. ಬೋನು ಬಿದ್ದ ಕೂಡಲೆ ನಾನು ಗಡಿಯಾರ ಒತ್ತುತ್ತಿದ್ದೆ. ಸೊಸೆ ಓಡಿಹೋಗಿ ಹಕ್ಕಿಯನ್ನು ತರುತ್ತಿದ್ದಳು. ಅದರ ತಲೆಗೆ ಬಟ್ಟೆ ಮುಚ್ಚಿ, ರೆಕ್ಕೆ ಹಗುರಾಗಿ ಹಿಡಿದುಕೊಂಡು ಕೂಡುವುದು ನನ್ನ ಕೆಲಸ. ಅಷ್ಟರಲ್ಲಿ ಅವಳು ಸೂಜಿ ಸಿದ್ಧ ಮಾಡುತ್ತಿದ್ದಳು. ಆಮೇಲೆ ತೂಕ, ಸಮಯ ಎಲ್ಲ ನಾನು ವಹಿಯಲ್ಲಿ ಬರೆಯುತ್ತಿದ್ದೆ. ಮೊದಲ ಆರು ಹಕ್ಕಿಗಳು ಎರಡೂವರೆ ನಿಮಿಷ ದಾಟಲಿಲ್ಲ. ನನ್ನ ಕೈ ಅಷ್ಟು ಚಲೋ ಇತ್ತು.

ಏಳನೆಯ ಹಕ್ಕಿ ಕೈಯಲ್ಲಿದ್ದಾಗ, ನೀರಿಳಿದ ನೆಲದಲ್ಲಿ ಸವತಿಕಾಯಿ ಹಾಕಿದ್ದ ಹೆಣ್ಣುಮಗಳೊಬ್ಬಳು ಬಂದು ಎದುರಿಗೆ ಕುಂತಳು.

“ಯಾವೂರಾಯ್ತ್ರಿ ಯಕ್ಕಾ?”

“ಬೈಲಹೊಂಗಲ್ರಿ.”

“ತವರುಮನಿ?”

ನಾನು ಗಡಿಯಾರ ನೋಡಿದೆ. ಒಂದು ನಿಮಿಷ. ಕೇಳಿದವರಿಗೆ ತವರುಮನೆ ಹೇಳದಿರುವುದು ನನ್ನಿಂದ ಈತನಕ ಆಗಿಲ್ಲ. “ಸಂಪಗಾಂವ್ರಿ.”

“ಅಯ್ಯ ನಮ್ಮವ್ವ! ಸಂಪಗಾಂವದಾಗ ಯಾರ ಮನ್ಯಾವ್ರರಿ?”

“ದೊಡ್ಡ ಬಾವಿ ಬಾಜೂಕಿನ ಮನಿ,” ಎಂದು ಹೇಳಿ, ದಿಕ್ಕು ತೋರಿಸಲು ಒಂದು ಕೈ ಎತ್ತಿದೆ. ರೆಕ್ಕೆ ಬಿಚ್ಚಿತು. ಸೊಸೆ, “ಅತ್ಯಾರ, ಹಿಡೀರಿ!” ಎಂದು ಕೂಗಿದಳು. ಹಕ್ಕಿಯನ್ನು ಮತ್ತೆ ಸರಿ ಮಾಡಿ ಹಿಡಿಯುವುದರೊಳಗೆ ಸವತಿಕಾಯಿಯವಳು ತನ್ನ ಅಕ್ಕನ ಮನೆಯಿಂದ ಹೊರಟು, ದೇಗಾಂವ ಸುತ್ತಿ, ನನ್ನ ಸೋದರತ್ತೆಯ ಮನೆ ಮುಟ್ಟಿದ್ದಳು. ಸಂಬಂಧ ಹತ್ತಿದ್ದು ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ.

ರಕ್ತ ತೆಗೆಯದೆ ಹಕ್ಕಿಯನ್ನು ಬಿಟ್ಟೆವು. ಅರ್ಧ ದಿನದ ಬಿಸಿಲು ದಂಡವಾಯಿತು. ಸೊಸೆ ಬೋನು ಎತ್ತಿಕೊಂಡು ಮುಂದಿನ ಗೂಡಿಗೆ ನಡೆದಳು. ತಪ್ಪು ನನ್ನದೇ ಆದರೂ ವಹಿಯಲ್ಲಿ ಸುಳ್ಳು ಬರೆಯುವವಳು ನಾನಲ್ಲ. ಆ ದಿನದ ಸಾಲು ಹೀಗಿದೆ: “ಹಕ್ಕಿ ಏಳು. ರದ್ದು. ಕಾರಣ: ಸೋದರತ್ತೆಯ ಸೊಸೆಯ ತಂಗಿ.”

ಯಾವ ದೇವರಿಗೆ?

ಸಂಬಂಧ ಹತ್ತಿದ ಮೇಲೆ ಸವತಿಕಾಯಿಯವಳು ದಿನಾ ಬರಹತ್ತಿದಳು. ಆದರೆ ಹಕ್ಕಿ ಕೈಯಲ್ಲಿದ್ದಾಗ ಬಾಯಿ ತೆಗೆಯಬಾರದೆಂದು ಆಣೆ ಮಾಡಿಸಿಕೊಂಡಿದ್ದೆ. ಒಂದು ದಿನ ಕೇಳಿದಳು: “ಅಲ್ರಿ ಯಕ್ಕಾ, ಈ ಹಕ್ಕೀದು ಏನು ನೋಡತೀರಿ?”

“ಉಪವಾಸ ನೋಡತೇವಿ.”

“ಉಪವಾಸ ಮಾಡತಾವ? ಯಾವ ದೇವರಿಗರಿ?”

ದೇವರಿಗಲ್ಲ, ಮಕ್ಕಳಿಗೆ ಎಂದು ಬಿಡಿಸಿ ಹೇಳಿದೆ. ಗಂಡೂ ಪಾಳಿಯ ಪ್ರಕಾರ ತತ್ತಿಯ ಮೇಲೆ ಕೂಡುತ್ತದೆ, ಹೆಣ್ಣು ಬರುವತನಕ ಏಳುವುದಿಲ್ಲ ಎಂದೆ. ಅವಳು ಬಹಳ ಹೊತ್ತು ಹಕ್ಕಿಯನ್ನೇ ನೋಡಿದಳು. ಆಮೇಲೆ ಬಳ್ಳಿಗೆ ನೀರು ಹಾಕುತ್ತಿದ್ದ ಗಂಡನನ್ನು ಕೂಗಿ ಕರೆದು, “ನೋಡ್ರಿ ಇಲ್ಲೆ, ಕಣ್ಣು ತುಂಬ ನೋಡ್ರಿ,” ಎಂದು ಅಲ್ಲೇ ನಿಲ್ಲಿಸಿದಳು. ಪಾಪ, ಆ ಮನುಷ್ಯ ಯಾವ ತಪ್ಪಿಗೆ ಎಂದು ತಿಳಿಯದೆ ಟೊಪ್ಪಿಗೆ ತೆಗೆದು ನಿಂತ.

ಮರುದಿನ ಸೋಮವಾರ. ನಾವು ಹೋಗುವುದರೊಳಗೆ ಮೂರು ಗೂಡುಗಳ ಬಾಜೂಕ್ಕೆ ಮುತ್ತುಗದೆಲೆ ಹಾಸಿ, ಅದರ ಮೇಲೆ ಉಪವಾಸದವರು ತಿನ್ನುವ ಸಬ್ಬಕ್ಕಿಯ ತಿಂಡಿ, ಬಿಸಿ ಸಾಬೂದಾಣಿ ಉಸಳಿ ಇಟ್ಟಿತ್ತು. ಸವತಿಕಾಯಿಯವಳು ಶೇಂಗಾಪುಡಿ ಉದುರಿಸಿ, ನಿಂಬೆಹಣ್ಣು ಸಹ ಹಿಂಡಿದ್ದಳು. ಹಕ್ಕಿ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ, ಆದರೆ ಕಾಗೆಗಳು ನೋಡಿದ್ದವು. ಉಸಳಿಗೆ ಬಂದ ಕಾಗೆ ತತ್ತಿ ಬಿಡುವುದಿಲ್ಲ. ಸೊಸೆ ದುಪಟ್ಟಾ ಬೀಸುತ್ತ, ನಾನು ಛತ್ರಿ ಬೀಸುತ್ತ ಆ ದಿಬ್ಬವನ್ನು ಎಷ್ಟು ಸಲ ಸುತ್ತಿದೆವೋ, ಅದೊಂದನ್ನು ಮಾತ್ರ ನಾನು ಎಣಿಸಿಲ್ಲ. ತತ್ತಿ ಉಳಿದವು. ನನಗೆ ಸಿಟ್ಟು ಬಂತು.

“ತಂಗೀ, ಈ ಹಕ್ಕಿ ಸಾಬೂದಾಣಿ ತಿನ್ನೂದಲ್ಲ. ಮೀನಾ ತಿಂತೈತಿ!”

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. “ಮೀನಾ ತಿಂದರ ಉಪವಾಸ ಮುರಿಯೂದಿಲ್ಲೇನ್ರಿ?”

ನನ್ನ ಬಿ.ಎಸ್ಸಿ. ಇದಕ್ಕೆ ಸಾಲಲಿಲ್ಲ.

ಯಜಮಾನರ ರಕ್ತ

ನಮ್ಮ ಯಜಮಾನರಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ, ಬಾಗಿಲಲ್ಲೇ ಚೀಲ ತೂಗುವ ದೊಡ್ಡ ಕಾಟಾ. ಅಲ್ಲಿ ಕುಂತವರೆಲ್ಲ, “ಅತ್ತಿ ಸೊಸಿ ಇಬ್ಬರೂ ಹಕ್ಕಿ ಹಿಂದ ಹತ್ಯಾರಂತ, ರೊಟ್ಟಿ ಯಾರು ಬಡೀತಾರ?” ಎಂದು ಅವರನ್ನು ಕಾಡುತ್ತಿದ್ದರು. ಅವರು ನನ್ನೆದುರು ಗೊಣಗಿದರೂ ಅಂಗಡಿಯಲ್ಲಿ ಮಾತ್ರ ಹಾರ್ಮೋನಿನ ಬಗ್ಗೆ ಭಾಷಣ ಮಾಡುತ್ತಿದ್ದರಂತೆ. ಒಂದು ದಿನ ತಾವೇ ನೋಡಬೇಕೆಂದು ದಿಬ್ಬಕ್ಕೆ ಬಂದರು. ಎರಡು ಹಕ್ಕಿಗಳ ಕೆಲಸ ಮುಗಿಯುವತನಕ ಸುಮ್ಮನೆ ನಿಂತು ನೋಡಿ, ತೋಳು ಮಡಿಸಿ ಸೊಸೆಯ ಮುಂದೆ ಕೈ ಚಾಚಿದರು.

“ನಂದೂ ಒಂದು ಹನಿ ತಗೀವಾ. ನನಗ ಒತ್ತಡ ಎಷ್ಟೈತಿ ನಿಮ್ಮತ್ತಿಗೂ ಗೊತ್ತಾಗಲಿ.”

ಸೊಸೆ ತಲೆ ಎತ್ತದೆ ಸೂಜಿ ಒರೆಸುತ್ತ ಅಂದಳು: “ಉಪಯೋಗಿಲ್ರಿ ಮಾವಾರ. ಹಿಡದು ಮೂರು ನಿಮಿಷದಾಗ ತಗೀಬೇಕು. ನಿಮ್ಮನ್ನ ಹಿಡದು ಮೂವತ್ತು ವರ್ಷ ಆತು.”

ವೈವಾ

ಎರಡನೆಯ ಬೇಸಿಗೆಯಲ್ಲಿ, ನೀರು ಏರುವುದಕ್ಕೆ ನಾಲ್ಕೇ ದಿನ ಮೊದಲು ನಲವತ್ತನೆಯ ಹಕ್ಕಿ ಸಿಕ್ಕಿತು. ಗ್ರಂಥ ಬರೆದು ಕೊಟ್ಟದ್ದೂ ಆಯಿತು. ಉಳಿದದ್ದು ವೈವಾ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ.

ಹೊರಗಿನಿಂದ ಬಂದ ಪರೀಕ್ಷಕರು ಸಮುದ್ರದ ಹಕ್ಕಿಗಳಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಎಲ್ಲ ಪ್ರಶ್ನೆಗಳಿಗೂ ಸೊಸೆ ಸರಸರ ಉತ್ತರ ಹೇಳಿದಳು. ಕೊನೆಗೆ ಅವರು ಕನ್ನಡಕ ತೆಗೆದು ಕೆಳಗಿಟ್ಟರು.

“ಅಂಕಿಗಳು ಚೆನ್ನಾಗಿವೆ. ಚೆನ್ನಾಗಿರುವುದೇ ನನಗೆ ಸಮಸ್ಯೆ. ಸಮಯ, ತೂಕ ಎಲ್ಲ ಬರೆದವರು ನಿಮ್ಮ ಅತ್ತೆ ಎಂದಿದೆ. ಮನೆಯವರು ನಿಮಗೆ ಬೇಕಾದ ಹಾಗೆ ಬರೆದಿರಬಹುದಲ್ಲ?”

ಗೈಡು ನಡುವೆ ಬಾಯಿ ಹಾಕಿದರು: “ಸರ್, ಸೊಸಿಗೆ ಬೇಕಾದಂಗ ಬರಿಯೋ ಅತ್ತಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲರಿ.” ಎಲ್ಲರೂ ನಕ್ಕರು, ಪರೀಕ್ಷಕರು ನಗಲಿಲ್ಲ. ಮೂಲ ವಹಿ ನೋಡದೆ ಸಹಿ ಮಾಡುವುದಿಲ್ಲ ಎಂದರು. ಸೊಸೆ ಗೈಡಿನತ್ತ ತಿರುಗಿದಳು. ಅದನ್ನು ತರಲು ಅವಳಿಗೆ ಯಾರೂ ಹೇಳಿರಲಿಲ್ಲ.

ನನಗೂ ಯಾರೂ ಹೇಳಿರಲಿಲ್ಲ, ಆದರೆ ನಾನು ತಂದಿದ್ದೆ. ಎದ್ದು ಹೋಗಿ ಅವರ ಮುಂದೆ ಇಟ್ಟೆ. ಉಸುಕು, ಬೆವರು, ಹಕ್ಕಿಯ ಹಿಕ್ಕೆ ಎಲ್ಲ ಅಂಟಿದ ವಹಿ. ಅವರು ಒಂದೊಂದೇ ಪುಟ ತಿರುವುತ್ತ ಗ್ರಂಥದ ಕೋಷ್ಟಕದೊಂದಿಗೆ ತಾಳೆ ನೋಡಿದರು. ಒಂದು ಅಂಕಿಯೂ ತಪ್ಪಲಿಲ್ಲ. ಅಷ್ಟಕ್ಕೆ ನಿಲ್ಲಿಸಬಾರದೆ? ಕೊನೆಯ ಪುಟಗಳಿಗೂ ಹೋದರು. ಅಲ್ಲಿ ಅವರ ಬೆರಳು ನಿಂತಿತು.

“ಇದ್ಯಾವ ಹಕ್ಕಿ? ಗ್ರಂಥದಲ್ಲಿ ಇಲ್ಲವಲ್ಲ. ತೂಕ ನಲವತ್ತೆಂಟು ಕಿಲೋ ಎಂದಿದೆ!”

ಗೈಡು ಎದ್ದು ಬಂದು ಇಣುಕಿದರು. ಪರೀಕ್ಷಕರು ಗಟ್ಟಿಯಾಗಿ ಓದಿದರು: “ಮೊದಲ ವಾರ: ನಲವತ್ತೆಂಟು. ಬೆಳಿಗ್ಗೆ ಅರ್ಧ ರೊಟ್ಟಿ. ಮಧ್ಯಾಹ್ನ ಏನೂ ಇಲ್ಲ. ಸಿಟ್ಟು: ಸ್ವಲ್ಪ. ಐದನೆಯ ವಾರ: ನಲವತ್ತೈದು. ಬರೀ ಮಜ್ಜಿಗೆ. ಸಿಟ್ಟು: ಬಹಳ. ಒಂಬತ್ತನೆಯ ವಾರ: ನಲವತ್ಮೂರು. ಅಳು: ಒಮ್ಮೆ, ಬಚ್ಚಲಲ್ಲಿ. ಎದ್ದು ಹೋಗುವ ಲಕ್ಷಣ: ಇಲ್ಲ.”

ಪರೀಕ್ಷಕರು ವಹಿಯಿಂದ ತಲೆ ಎತ್ತಿದರು.

“ಅದು ನಮ್ಮ ಸೊಸೀರಿ,” ಎಂದೆ.

ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ಅತ್ಯಾರ! ವಾರಾ ವಾರಾ ಅಂಗಡ್ಯಾಗ ಕಾಟಾ ಸರಿ ಐತೇನು ನೋಡೂಣು ಅಂತ ನನ್ನ ನಿಲ್ಲಸತಿದ್ರೆಲ್ಲ, ಅದು ಇದಕೇನ್ರಿ?”

“ಕಾಟಾನೂ ನೋಡಿದಂಗಾತು, ನಿನ್ನೂ ನೋಡಿದಂಗಾತು.”

“ಆದರೆ ಇದನ್ನು ಯಾಕೆ ಬರೆದಿರಿ?” ಎಂದರು ಪರೀಕ್ಷಕರು.

“ತತ್ತಿ ಮ್ಯಾಲ ಕುಂತದ್ದರ ತೂಕಾ ತಪ್ಪದ ಬರೀಬೇಕು ಅಂತ ಆಕೀನ ನನಗ ಕಲಿಸ್ಯಾಳ್ರಿ. ಎರಡು ವರ್ಷ ಆಕಿ ಕಾವು ಕೊಟ್ಟದ್ದು ಇದಕ್ಕ,” ಎಂದು ಮೇಜಿನ ಮೇಲಿದ್ದ ಗ್ರಂಥ ತೋರಿಸಿದೆ.

ಅವರ ತುಟಿಯ ಮೂಲೆ ಅಲುಗಿತು. ಆದರೂ ಪರೀಕ್ಷಕರು ಪರೀಕ್ಷಕರೇ. “ದಾಖಲೆ ಅಪೂರ್ಣ ಇದೆಯಲ್ಲ ಅಮ್ಮ. ಈಗಿನ ತೂಕ ಎಷ್ಟು, ಬರೆದಿಲ್ಲ.”

“ತತ್ತಿ ಒಡೆದು ಮರಿ ಬರೂತನಾ ಹ್ಯಾಂಗ ತೂಗಲ್ರಿ? ನೀವು ಮೊದಲ ಪಾಸ್ ಅಂತ ಬರೀರಿ, ಆಮ್ಯಾಲ ಕಾಟಾಕ್ಕ ಹತ್ತಸತೇನಿ.”

ಕೋಣೆಯಲ್ಲಿ ನಗು ನಿಲ್ಲಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ನಗುತ್ತಲೇ ಗ್ರಂಥದ ಕಾಗದಗಳಿಗೆ ಸಹಿ ಹಾಕಿದರು, ಆಮೇಲೆ ನನ್ನ ವಹಿಯನ್ನೂ ಎಳೆದುಕೊಂಡು ಒಂದು ಸಾಲು ಬರೆದರು. ನನ್ನ ಅಷ್ಟೂ ವಹಿಗಳಲ್ಲಿ ಪರರ ಅಕ್ಷರ ಇರುವುದು ಅಲ್ಲೊಂದೇ. ಮನೆಗೆ ಬಂದವರಿಗೆಲ್ಲ ನಾನು ಆ ಪುಟ ತೆಗೆದು ತೋರಿಸುತ್ತೇನೆ. ಸೊಸೆಯ ಹೆಸರಿನ ಮೊದಲಿಗೆ ಡಾಕ್ಟರ್ ಎಂದು ಸೇರಿಸಿ, ಆಮೇಲೆ ಹೀಗೆ ಬರೆದಿದ್ದಾರೆ: “ಉಪವಾಸ ಮುಗಿಯಿತು. ಮೂರು ನಿಮಿಷದೊಳಗೆ ಊಟ ಮಾಡಿಸಿ.”