ಎರಡು ಬೆರಳ ಸಂದು

ಜಗಳ ಶುರುವಾದದ್ದು ಎರಡು ಬೆರಳಗಲದ ಒಂದು ಸಂದಿನಿಂದ. ಅರಕಲಗೂಡಿನ ಹೊಸ ಬಡಾವಣೆಯ ಕೀರ್ತಿರಾಜನ ಮನೆಯಲ್ಲಿ, ಅಡುಗೆ ಕಟ್ಟೆಯ ಕೆಳಗೆ ಕರೆಂಟ್ ಓವನ್ ಕೂರಿಸಲೆಂದೇ ಮಾಡಿಸಿದ್ದ ಮರದ ಗೂಡಿನ ತಳದಲ್ಲಿ ಆ ಸಂದು ಇತ್ತು. ಗಾಳಿಯಾಡಲು ಇಷ್ಟು ಜಾಗ ಬಿಡಲೇಬೇಕು ಎಂದು ಓವನ್ನಿನ ಜೊತೆ ಬಂದ ಪುಸ್ತಕ ಹೇಳಿತ್ತು. ಕೀರ್ತಿರಾಜ ಅಷ್ಟೇ ಬಿಟ್ಟಿದ್ದ.

ಕೀರ್ತಿರಾಜ ಭೂಮಾಪಕ. ತಾಲ್ಲೂಕಿನ ಅಣ್ಣತಮ್ಮಂದಿರ ಹೊಲಗಳ ನಡುವೆ ಗಡಿ ಗುರುತಿಸಿ ಕಲ್ಲು ನೆಡಿಸುವುದು ಅವನ ಕೆಲಸ. ತನ್ನ ಮನೆಯಲ್ಲಿ ತನ್ನ ಗಡಿ ಎಲ್ಲಿದೆ ಎಂಬುದು ಮಾತ್ರ ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಮನೆಯ ಪಾಯ ಹಾಕಿಸಿದವರು ಮಾವ ಗುಂಡಯ್ಯನವರು. ಬಾಗಿಲು ಎತ್ತ ಇರಬೇಕು, ಸಂಪು ಎಲ್ಲಿ ತೋಡಬೇಕು, ಗೋಡೆಗೆ ಯಾವ ಬಣ್ಣ, ವೈರಿಂಗಿಗೆ ಯಾರು ಎಂಬುದೆಲ್ಲ ಅವರದೇ ತೀರ್ಮಾನ. ಕೀರ್ತಿರಾಜ ಆರಿಸಿದ್ದ ತಿಳಿ ನೀಲಿ ಬಣ್ಣ ಬಚ್ಚಲ ಒಳಗೋಡೆಗಷ್ಟೇ ಸಿಕ್ಕಿತ್ತು.

ಓವನ್ ಹೆಂಡತಿ ಸ್ನೇಹಲತಾಳ ಆಸೆ. ಹೊಳೆನರಸೀಪುರದ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತಲೇ ಹಾಸನಕ್ಕೆ ಓಡಾಡಿ ಕೇಕ್ ಮಾಡುವುದನ್ನು ಕಲಿತಿದ್ದಳು. ಮರುದಿನ ಚನ್ನರಾಯಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮೊಮ್ಮಗುವಿನ ಹುಟ್ಟುಹಬ್ಬ. ಮೊದಲ ಕೇಕ್ ಅಲ್ಲಿಗೆ ಹೋಗಬೇಕಿತ್ತು. ಹಾಸನದಿಂದ ಕಂಪನಿಯ ಮೆಕ್ಯಾನಿಕ್ ಮಧ್ಯಾಹ್ನ ಬರುವವನಿದ್ದ. ಪುಸ್ತಕದಲ್ಲಿ ಇದ್ದಂತೆ ಇಲ್ಲದಿದ್ದರೆ ಓವನ್ ಮುಟ್ಟದೆ ವಾಪಸು ಹೋಗುತ್ತೇನೆಂದು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದ.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಸ್ನೇಹಲತಾ, "ನೀವೇ ನಿಂತು ಮಾಡ್ಸಿ. ಅಪ್ಪಂಗೆ ಈಗ್ಲೇ ಹೇಳೋದು ಬೇಡ," ಎಂದಳು. ಕೀರ್ತಿರಾಜನ ಎದೆ ಒಂದಿಷ್ಟು ಅಗಲವಾಯಿತು. ಈ ಮನೆಯಲ್ಲಿ ಒಂದೇ ಒಂದು ವಸ್ತುವಾದರೂ ತನ್ನ ಅಳತೆಯಲ್ಲಿ, ತನ್ನ ಮಾತಿನಂತೆ ಕೂರಬೇಕು ಎಂದುಕೊಂಡು ರಜೆ ಹಾಕಿದ್ದ.

ಓವನ್ನಿನ ವೈರಿಂಗಿಗೆ ಎಲೆಕ್ಟ್ರಿಷಿಯನ್ ಭೀಮ ಬಂದ. ಭೀಮನ ಕೈ ಚುರುಕು, ಸ್ವಭಾವ ಬಲು ಮೆತ್ತಗೆ. ಯಾರು ಏನು ಹೇಳಿದರೂ ಇಲ್ಲವೆನ್ನಲಾರ. ಇಬ್ಬರು ಮಾತಾಡುವ ಕಡೆ ಅವನ ತಲೆ ಟೇಬಲ್ ಫ್ಯಾನಿನ ಹಾಗೆ ಆ ಕಡೆಗೂ ಈ ಕಡೆಗೂ ತಿರುಗುತ್ತ ಎರಡೂ ಕಡೆಗೆ ಒಪ್ಪಿಗೆ ಬೀಸುತ್ತಿತ್ತು. ಮೀಟರ್ ಬೋರ್ಡಿನಿಂದ ಓವನ್ನಿಗೆಂದೇ ಬೇರೆ ದಪ್ಪ ವೈರು, ಕರೆಂಟು ಹೆಚ್ಚಾದರೆ ತಾನೇ ಬೀಳುವ ಒಂದು ಬೇರೆ ಎಂಸಿಬಿ, ಓವನ್ನಿನ ಬೆನ್ನಿಗೆ ಬಾರದಂತೆ ಪಕ್ಕದಲ್ಲಿ ಕೈಗೆಟುಕುವ ಸ್ವಿಚ್ಚು, ಹೊಸ ಅರ್ಥಿಂಗ್ ಗುಂಡಿ. ಕೀರ್ತಿರಾಜ ಪುಸ್ತಕ ಹಿಡಿದು ಪಾಠ ಒಪ್ಪಿಸಿದಂತೆ ಒಂದೊಂದೇ ಹೇಳಿದ. ಭೀಮ ಎಲ್ಲಕ್ಕೂ "ಆಯ್ತು ಸಾ" ಎಂದ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಶಿವಗಂಗಮ್ಮ ಇಣುಕಿದರು. ರೊಟ್ಟಿ ಬೇಯಿಸೋ ಪೆಟ್ಟಿಗೆಗೆ ಇಷ್ಟೆಲ್ಲ ಯಾಕೆ, ಮಿಕ್ಸಿ ಪ್ಲಗ್ಗಿಗೇ ಸಿಕ್ಕಿಸಿದರೆ ಆಗುವುದಿಲ್ಲವೇ ಎಂದು ವಿಚಾರಿಸಿದರು. ಮಿಕ್ಸಿಯ ವೈರು ಇಷ್ಟು ಕರೆಂಟು ತಡೆಯುವುದಿಲ್ಲ, ಗೋಡೆಯೊಳಗೇ ಕಾದು ಹೊತ್ತಿಕೊಳ್ಳುತ್ತದೆ ಎಂದು ಕೀರ್ತಿರಾಜ ವಿವರಿಸಿದ. ಅವರು ಸಮಾಧಾನವಾದವರಂತೆ ತಲೆಯಾಡಿಸಿ ಒಳಗೆ ಹೋಗಿ ಫೋನ್ ಎತ್ತಿದರು. ಶಿವಗಂಗಮ್ಮನ ತವರೂ ಗುಂಡಯ್ಯನವರ ಊರೂ ಒಂದೇ. ರಾಮನಾಥಪುರದ ಕಡೆಯ ಹಳ್ಳಿ.

ಭೀಮ ಗೋಡೆ ಕೊರೆದು ಮುಗಿಸುವಷ್ಟರಲ್ಲಿ ಗೇಟಿನ ಮುಂದೆ ಗುಂಡಯ್ಯನವರ ಟಿವಿಎಸ್ ನಿಂತಿತು.

ಗುಂಡಯ್ಯನವರು ಹೊಗೆಸೊಪ್ಪು ಬೆಳೆದವರು. ಬೆಳೆದದ್ದಕ್ಕಿಂತ ಹೆಚ್ಚಾಗಿ ಬೇಯಿಸಿದವರು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಮಣ್ಣುಗೋಡೆಯ ಒಲೆಮನೆಯಲ್ಲಿ ತೂಗುಹಾಕಿ, ಕೆಳಗಿನ ಕೊಳಾಯಿಗಳಿಗೆ ಬೆಂಕಿ ಕೊಟ್ಟು, ಕಿಂಡಿ ತೆಗೆದು ಮುಚ್ಚಿ ಹದಕ್ಕೆ ತರುವುದರಲ್ಲಿ ಅವರ ಸರಿಸಮ ಯಾರೂ ಇಲ್ಲವೆಂದು ಸುತ್ತಿನ ಊರುಗಳು ಒಪ್ಪುತ್ತಿದ್ದವು. ಬಿಸಿ ಎಂಬ ವಿಷಯ ಎಲ್ಲಿ ಬಂದರೂ ಅದು ತಮ್ಮ ವ್ಯಾಪ್ತಿಗೆ ಸೇರಿದ್ದೆಂದು ಅವರು ನಂಬಿದ್ದರು.

ಓವನ್ನಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಒಳಗಿನ ಕಂಬಿಗಳನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಪುಟಾಣಿ ಬ್ಯಾರನ್ನು ಕಣಪ್ಪ, ಇನ್ನೇನಲ್ಲ," ಎಂದು ತೀರ್ಪು ಕೊಟ್ಟರು. ಆಮೇಲೆ ಮಂಡಿಯೂರಿ ಗೂಡನ್ನು ಪರೀಕ್ಷಿಸಿದರು. ಸಂದು ಕಣ್ಣಿಗೆ ಬಿತ್ತು.

"ಅಳಿಯಂದ್ರೇ, ಇದ್ಯಾಕೆ ಬಾಯಿ ಬುಟ್ಕೊಂಡೈತೆ?"

ಗಾಳಿಯಾಡಲು ಎಂದ ಕೀರ್ತಿರಾಜ.

"ಗಾಳಿ ಆಡುದ್ರೆ ಶಾಖ ನಿಂತದಾ? ಸೊಪ್ಪು ಅಳದಿ ಬಣ್ಣಕ್ಕೆ ತಿರುಗಗಂಟ ತಳದ ಕಿಂಡಿ ಮುಚ್ಬೇಕು. ಇಲ್ದಿದ್ರೆ ಬೆಂಕಿ ನೀವಾಕೋದು, ಬೆಚ್ಚಗಾಗೋದು ಬೀದಿ."

ಇದರಲ್ಲಿ ಬೇಯಿಸುವುದು ಸೊಪ್ಪಲ್ಲ ಎಂದು ಕೀರ್ತಿರಾಜ ಪುಸ್ತಕ ತೋರಿಸಿದ. ಅದನ್ನು ಬರೆದವನು ಎಷ್ಟು ಬ್ಯಾರನ್ ಬೇಯಿಸಿದ್ದಾನೆ ಎಂದು ಮಾವ ಕೇಳಿದರು. ಪುಸ್ತಕದಲ್ಲಿ ಆ ಮಾಹಿತಿ ಇರಲಿಲ್ಲ. ಗುಂಡಯ್ಯನವರು ಭೀಮನಿಗೆ ಒಂದು ಹಲಗೆ ಕೊಟ್ಟು ಸಂದು ಮುಚ್ಚು ಎಂದರು, ಭೀಮ ಮುಚ್ಚಿದ. ಕೀರ್ತಿರಾಜ ತೆಗೆ ಎಂದ, ಭೀಮ ತೆಗೆದ. ಮಾವ ಮತ್ತೆ ಮುಚ್ಚಿಸಿದರು. ಕೊನೆಗೆ ಭೀಮ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ನೀವಿಬ್ರೂ ಮಾತಾಡ್ಕಂಡು ಒಂದೇ ಮಾತ್ ಏಳ್ಬುಡಿ ಸಾ, ನಾನು ಗುಂಡಿ ತೋಡ್ತಿರ್ತೀನಿ," ಎಂದು ಹೊರಗೆ ನುಸುಳಿದ.

ಗುಂಡಿಯಾದರೂ ಸುಮ್ಮನಿತ್ತೇ? ಕಾಂಪೌಂಡಿನ ಮೂಲೆಯಲ್ಲಿ ಭೀಮ ಹಾರೆ ಎತ್ತಿದ ಕೂಡಲೇ ಶಿವಗಂಗಮ್ಮ ಪ್ರತ್ಯಕ್ಷರಾದರು. ಅರ್ಥಿಂಗಿಗೆ ಉಪ್ಪು ಸುರಿಯುತ್ತಾರೆ, ತಮ್ಮ ನುಗ್ಗೆಗಿಡ ಒಣಗುತ್ತದೆ, ಅದಕ್ಕಿಂತ ಮುಖ್ಯವಾಗಿ ಆ ಮೂಲೆ ತಮ್ಮದು ಎಂಬುದು ಅವರ ವಾದ. ಕೀರ್ತಿರಾಜ ನಕ್ಕ. ಕೊನೆಗೂ ತನಗೆ ಗೊತ್ತಿರುವ ವಿಷಯಕ್ಕೆ ಯಾರೋ ಬಂದರು ಎನ್ನಿಸಿತು. ಒಳಗಿನಿಂದ ಸೈಟಿನ ನಕ್ಷೆ ತಂದ, ಟೇಪು ಹಿಡಿದ, ರಸ್ತೆಯ ಕಲ್ಲಿನಿಂದ ಅಳೆದ. ಅಳತೆ ಮುಗಿದಾಗ ನಗು ಮುಗಿದಿತ್ತು. ಮತ್ತೊಮ್ಮೆ ಅಳೆದ. ಟೇಪು ಅಷ್ಟೇ ಹೇಳಿತು. ಮಾವ ಕಣ್ಣಳತೆಯಲ್ಲಿ ಕಟ್ಟಿಸಿದ್ದ ಕಾಂಪೌಂಡು ಒಂದು ಗೇಣು ಶಿವಗಂಗಮ್ಮನ ಸೈಟಿನೊಳಗೆ ನಿಂತಿತ್ತು. ಸುಳ್ಳು ಅಳತೆ ಹೇಳಲು ಅವನ ನಾಲಿಗೆ ಹೊರಳಲಿಲ್ಲ.

"ಮೂಲೆ ನಿಮ್ದೇ ಕಣಮ್ಮ," ಎಂದ.

"ನಂಗೊತ್ತಿತ್ತು. ಇರ್ಲಿ ಬುಡಪ್ಪ, ಗ್ವಾಡೆ ವಿಚಾರ ಆಮೇಕ್ ಮಾತಾಡಣ," ಎಂದು ಶಿವಗಂಗಮ್ಮ ಬಹಳ ಉದಾರವಾಗಿ ಹೇಳಿದರು.

ಹಾಗಾಗಿ ಗುಂಡಿಯನ್ನು ಮನೆಯ ಮುಂದೆ, ಕೀರ್ತಿರಾಜನ ಬೈಕು ನಿಲ್ಲುವ ಜಾಗದಲ್ಲೇ ತೋಡಬೇಕಾಯಿತು. ಭೀಮ ತೋಡುತ್ತಿದ್ದ, ಕೀರ್ತಿರಾಜ ನಿಂತು ಆಳ ಅಳೆಯುತ್ತಿದ್ದ. ಮೇಲೆ ಬಂದ ಮಣ್ಣನ್ನು ಮಾವ ಬಾಂಡ್ಲಿಯಲ್ಲಿ ತುಂಬಿ ಒಳಗೆ ಸಾಗಿಸುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಹಿತ್ತಿಲ ಹೂಕುಂಡಗಳಿಗೆ ಇರಬೇಕೆಂದುಕೊಂಡ. ಮುದುಕರು ಏನೋ ಒಂದು ಕೆಲಸ ಹಿಡಿದರಲ್ಲ ಎಂದು ಸಮಾಧಾನವನ್ನೂ ಪಟ್ಟ.

ಗುಂಡಿ ತುಂಬಿಸಿ, ವೈರು ಸೇರಿಸಿ ಒಳಗೆ ಬಂದು ನೋಡಿದರೆ ಸಂದು ಇರಲಿಲ್ಲ. ಅದರ ಜಾಗದಲ್ಲಿ ಕೆಮ್ಮಣ್ಣಿನ ಗಾರೆ, ಬ್ಯಾರನ್ನಿನ ಗೋಡೆಗೆ ಮೆತ್ತಿದಷ್ಟು ನಯವಾಗಿ, ಬೆರಳ ಗುರುತು ಕೂಡ ಕಾಣದಂತೆ ಮೆತ್ತಿತ್ತು. ಪಕ್ಕದಲ್ಲಿ ಗುಂಡಯ್ಯನವರು ಕೈ ತೊಳೆಯುತ್ತಿದ್ದರು. ಕಂಪನಿಯ ಮೆಕ್ಯಾನಿಕ್ ಇನ್ನೇನು ಊರು ಮುಟ್ಟುತ್ತೇನೆಂದು ಫೋನ್ ಮಾಡಿ ಆಗಿತ್ತು.

ಕೀರ್ತಿರಾಜನಿಗೆ ಮದುವೆಯಾದಾಗಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಮಾವ, ಇದು ನಿಮ್ ಬ್ಯಾರನ್ ಅಲ್ಲ. ಇದು ನನ್ನ ಮನೆ."

ಮಾತು ಜೋರಾಗಿರಲಿಲ್ಲ. ಆದರೂ ಹೊರಗಿದ್ದ ಭೀಮ ಹಾರೆ ಕೆಳಗಿಟ್ಟ. ಗುಂಡಯ್ಯನವರು ಅಳಿಯನ ಮುಖವನ್ನು ಹೊಸಬರನ್ನು ನೋಡಿದಂತೆ ನೋಡಿ, ಟವೆಲಿಗೆ ಕೈ ಒರೆಸಿಕೊಂಡು, ಹೋಗಿ ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಕೀರ್ತಿರಾಜ ದೋಸೆ ತಿರುವುವ ಮೊಗಚೆಕಾಯಿಂದ ಹಸಿ ಮಣ್ಣು ಕೆರೆಯತೊಡಗಿದ. ಗೆದ್ದ ಸಂತೋಷಕ್ಕೆ ಅವನು ಕಾದ. ಬಂದದ್ದು ಮಾವನ ಬಗ್ಗಿದ ಬೆನ್ನಿನ ನೆನಪು. ಕೆರೆಯುತ್ತಲೇ, ಮುದುಕರಿಗೆ ಒಂದು ಲೋಟ ಕಾಫಿಯಾದರೂ ಕೊಡಬೇಕಿತ್ತು ಎಂದುಕೊಂಡ.

ಮೆಕ್ಯಾನಿಕ್ ಶಶಿಕುಮಾರ್ ಬಂದ. ಟಾರ್ಚು ಬಿಟ್ಟು ಗೂಡು ನೋಡಿದ, ಸಂದಿಗೆ ಸ್ಕೇಲ್ ಹಿಡಿದ, ಮೀಟರಿನಿಂದ ಅರ್ಥಿಂಗ್ ಪರೀಕ್ಷಿಸಿದ, ಎಂಸಿಬಿ ಇಳಿಸಿ ಏರಿಸಿದ. ಕೀರ್ತಿರಾಜ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಪುಸ್ತಕ ಹಿಡಿದು ನಿಂತಿದ್ದ. ಎಲ್ಲ ಸರಿಯಾಗಿದೆ ಎಂದ ಶಶಿಕುಮಾರ್. ಇಷ್ಟು ಅಚ್ಚುಕಟ್ಟಾಗಿ ಮಾಡಿಸಿದ ಮನೆ ಈ ವರ್ಷ ನೋಡಿಲ್ಲ ಎಂದೂ ಸೇರಿಸಿದ. ಅವನೂ ಭೀಮನೂ ಓವನ್ನನ್ನು, ಬಾಗಿಲ ಹಿಡಿ ಮುಟ್ಟದೆ, ಎರಡು ಪಕ್ಕದಿಂದ ಎತ್ತಿ ಗೂಡಿಗೆ ಸರಿಸಿದರು. ತಿರುಪು ಬಿಗಿಯಾಯಿತು. ಕಿಟಕಿ ತೆಗೆದಿಟ್ಟು ಖಾಲಿ ಓವನ್ ಕಾಯಿಸಿದಾಗ ಹೊಸ ಎಣ್ಣೆ ಸುಟ್ಟ ವಾಸನೆ ಮನೆಯೆಲ್ಲ ಹರಡಿತು.

ಆ ವಾಸನೆಗೆ ಗುಂಡಯ್ಯನವರು ಮೆಟ್ಟಿಲಿನಿಂದ ಎದ್ದು ಬಂದರು. ಮೊದಲ ಸಲ ಹೀಗೇ, ಗಾಬರಿ ಬೇಡ ಎಂದ ಶಶಿಕುಮಾರ್. ಸಂದಿನ ವಿಚಾರವನ್ನೂ ಹೇಳಿದ. ಒಳಗಿನ ಶಾಖ ಒಳಗೇ ಇರುತ್ತದೆ. ತಳದ ಗಾಳಿ ಬೇಕಾದದ್ದು ಓವನ್ನಿನ ಹೊರಮೈ ತಣ್ಣಗಿರಲು, ಸುತ್ತಲಿನ ಮರ ಕಾಯದಿರಲು. ಬೇಕಾದ ಬಿಸಿಗೆ ತಿರುಗಿಸಿಟ್ಟರೆ ತಾನಾಗಿ ಅಲ್ಲೇ ನಿಲ್ಲುತ್ತದೆ, ಯಾರೂ ಕಾಯುತ್ತ ಕೂರಬೇಕಿಲ್ಲ.

ಗುಂಡಯ್ಯನವರು ಗಾಜಿನ ಒಳಗೆ ಕೆಂಪಗಾದ ಕಂಬಿಯನ್ನು ಬಗ್ಗಿ ನೋಡಿದರು.

"ನಂದೊಂದು ಬ್ಯಾರನ್ನು ಬೆಂಕಿ ಅತ್ಕೊಂಡ್ ಓಗಿತ್ತು ಕಣಪ್ಪ," ಎಂದರು. "ಒಂದೆಲೆ ಕಳಚ್ಕೊಂಡು ಕಾದ ಕೊಳಾಯಿ ಮ್ಯಾಲ್ ಬಿತ್ತು. ಕಣ್ ಮುಚ್ಚಿ ತೆಗೆಯೋದ್ರಾಗೆ ಎಲ್ಲಾ ಬೂದಿ. ಸ್ನೇಹಲತಾ ಆಗ ಎಳೇ ಮಗು. ಬೆಂಕಿಗೆ ಭಯ ಬೀಳ್ದೆ ಇರೋನು ಅದುನ್ನ ನೋಡಿಲ್ಲ ಅಂತ್ಲೇ ಲೆಕ್ಕ." ಆಮೇಲೆ ಕೀರ್ತಿರಾಜನ ಕಡೆ ತಿರುಗಿದರು. "ನೀವು ಮಾಡಿದ್ದೇ ಸರಿ ಅಳಿಯಂದ್ರೇ."

ಕೀರ್ತಿರಾಜನ ಕಣ್ಣು ಮಂಜಾಯಿತು. ಮಾವ ಅವನಿಗೆ ಈ ಮಾತು ಹೇಳಿದ್ದು ಇದೇ ಮೊದಲು.

ಗುಂಡಯ್ಯನವರು ಮೆಕ್ಯಾನಿಕ್‌ನತ್ತ ನೋಡಿ ಇನ್ನೊಂದು ಪ್ರಶ್ನೆ ಕೇಳಿದರು. "ಈ ಅರ್ತಿಂಗು ಇದೊಂದುಕ್ಕೇ ಬೇಕಾ, ಮನೇಲಿರೋ ಎಲ್ಲಾದುಕ್ಕೂ ಬೇಕಾ?"

"ಎಲ್ಲದಕ್ಕೂ ಬೇಕು ಯಜಮಾನ್ರೆ. ಫ್ರಿಜ್ಜು, ಗೀಸರು, ಮೋಟ್ರು, ಯಾವುದೂ ಅರ್ಥಿಂಗ್ ಇಲ್ದೆ ಇರಬಾರದು," ಎಂದು ಶಶಿಕುಮಾರ್ ಚೀಲ ಹೆಗಲಿಗೇರಿಸಿ ಹೊರಟುಹೋದ.

ಕೀರ್ತಿರಾಜ ಸಂತೋಷದಲ್ಲಿ ಕಾಫಿ ಬೆರೆಸುತ್ತಿದ್ದಾಗ ನಡುಮನೆಯ ಫ್ಯಾನು ನಿಂತಿತು. ಅದರ ಜೊತೆಗೇ ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ನಿಂತಿತು. ಹೊರಬಂದು ನೋಡಿದರೆ ಮಾವ, ಭೀಮನನ್ನು ಕರೆದುಕೊಂಡು ಕೋಣೆಕೋಣೆಗೂ ಹೋಗಿ ಸ್ವಿಚ್ ಬೋರ್ಡುಗಳನ್ನು ಬಿಚ್ಚಿಸಿದ್ದರು. ಗೀಸರಿನ ಅರ್ಥಿಂಗ್ ವೈರು ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಫ್ರಿಜ್ಜಿಗೆ, ಮೋಟರಿಗೆ ಆ ವೈರೇ ಇರಲಿಲ್ಲ. ಮನೆ ಕಟ್ಟುವಾಗ ವೈರಿಂಗ್ ಮಾಡಿದವನನ್ನು ಕರೆತಂದಿದ್ದು ಗುಂಡಯ್ಯನವರೇ. ಅವರ ಮುಖ ಸಣ್ಣಗಾಗಿತ್ತು.

"ಇಷ್ಟು ವರ್ಷ ನನ್ ಮಗಳ್ನ ಬೆಂಕಿ ಪಕ್ದಲ್ಲೇ ಮಲಗ್ಸಿದ್ದೀನಿ," ಎಂದರು. "ಇನ್ನು ಒಂದ್ ಗಳಿಗೆ ಆಗಾಕಿಲ್ಲ. ಹೊಸ ವೈರಿಂಗ್ ಆಗಗಂಟ ಎಲ್ಲಾ ಬಂದ್."

ಲೈಟುಗಳಾದರೂ ಇರಲಿ ಎಂದು ಕೀರ್ತಿರಾಜ ಬೇಡಿಕೊಂಡ. ಭೀಮ ತಲೆ ಕೆರೆದು, "ಎಲ್ಲಾ ಒಂದೇ ಲೈನಲ್ಲಿ ಎಳ್ದವ್ರೆ ಸಾ. ಇದು ಬೇಕು, ಅದು ಬ್ಯಾಡ ಅನ್ನಾಕಾಗಾಕಿಲ್ಲ," ಎಂದ. ಬೇರೆ ಲೈನಿನಲ್ಲಿದ್ದದ್ದು ಓವನ್ ಒಂದೇ. ಗುಂಡಯ್ಯನವರು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಳಿಸಿ, ಮೀಟರ್ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಪಂಚೆಯೊಳಗಿನ ನಿಕ್ಕರಿನ ಜೇಬಿಗೆ ಇಳಿಬಿಟ್ಟರು. ಕೆಲಸ ಮುಗಿಯುವವರೆಗೆ ತಾವು ಇಲ್ಲೇ ಇರುವುದಾಗಿ ಊರಿಗೆ ಫೋನ್ ಮಾಡಿದರು. ಕಾಂಪೌಂಡಿನ ಆಚೆ ಇದನ್ನೆಲ್ಲ ಕೇಳುತ್ತಿದ್ದ ಶಿವಗಂಗಮ್ಮ ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿಕೊಂಡರು. ಅವರ ಮನೆಗೆ ವೈರು ಎಳೆದವನೂ ಅದೇ ಮನುಷ್ಯ.

ಬೆಳಗಿನಿಂದ ಪುಸ್ತಕ ಹಿಡಿದು ಸುರಕ್ಷತೆ ಸುರಕ್ಷತೆ ಎಂದು ಮನೆಯವರಿಗೂ ನೆರೆಯವರಿಗೂ ಬೋಧಿಸಿದವನು ಈಗ ಏನೆಂದು ವಿರೋಧಿಸುವುದು? ಕೀರ್ತಿರಾಜ ಪುಸ್ತಕ ಮುಚ್ಚಿ ಕಟ್ಟೆಯ ಮೇಲಿಟ್ಟ.

ಸ್ನೇಹಲತಾ ಕೆಲಸದಿಂದ ಬಂದಾಗ ಬೀದಿಯ ಮನೆಗಳೆಲ್ಲ ಬೆಳಗುತ್ತಿದ್ದವು, ಅವಳ ಮನೆ ಕತ್ತಲಾಗಿತ್ತು. ಅಡುಗೆಮನೆಯಲ್ಲಿ ಮಾತ್ರ ಓವನ್ನಿನ ಪುಟ್ಟ ದೀಪ ಹಳದಿಯಾಗಿ ಉರಿಯುತ್ತಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು, ಒಂದು ಕಣ್ಣು ಗಾಜಿನ ಮೇಲಿಟ್ಟು ಅಪ್ಪ ಕುಳಿತಿದ್ದರು. ನಡೆದದ್ದನ್ನೆಲ್ಲ ಕೇಳಿ ಅವಳು ಅಪ್ಪನ ಕೈ ಹಿಡಿದುಕೊಂಡಳು. ಗಂಡನತ್ತ ತಿರುಗಿ, ಅಪ್ಪ ಹೇಳೋದು ಸರಿಯೇ ಅಲ್ಲವೇ ಎಂದಳು. ಸರಿಯೇ ಎಂದ ಕೀರ್ತಿರಾಜ.

ಆಮೇಲೆ ಅವಳು ಚೀಲದಿಂದ ಬೆಣ್ಣೆ, ಮೊಟ್ಟೆ, ಸಕ್ಕರೆ ತೆಗೆದಿಟ್ಟು, ಹಿಟ್ಟು ಕಲೆಸುವ ಬೀಟರನ್ನು ಕೈಯಲ್ಲಿ ಹಿಡಿದು ಪ್ಲಗ್ಗಿನತ್ತ ನಡೆದು, ಅಲ್ಲೇ ನಿಂತಳು.

ಮೂವರೂ ಪ್ಲಗ್ಗನ್ನು ನೋಡಿದರು.

ಗುಂಡಯ್ಯನವರು ಎದ್ದು ಅಟ್ಟಕ್ಕೆ ಕೈಹಾಕಿ, ಮೂಲೆಯಲ್ಲಿದ್ದ ಮಜ್ಜಿಗೆ ಕಡೆಯುವ ಕಡಗೋಲನ್ನು ಇಳಿಸಿ, ಧೂಳು ಒರೆಸಿ ಅಳಿಯನ ಕೈಗೆ ಕೊಟ್ಟರು.

"ಒಂದೇ ಕಡೀಕೆ ತಿರುಗ್ಸಿ ಅಳಿಯಂದ್ರೇ," ಎಂದು ಮತ್ತೆ ಕುರ್ಚಿಯಲ್ಲಿ ಕುಳಿತು ಹಿಟ್ಟು ಕಲೆಸುವ ಬೋಸಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಎಲ್ಲಿ, ಬೆಳಕಿಗ್ ಬನ್ನಿ. ಹದ ಬಂದಾಗ ನಾನ್ ಹೇಳ್ತೀನಿ."