ಜೇವರ್ಗಿಗೆ ಹೋಗದೆ ಬರೆದ ವರದಿ

ನಾನು ಪತ್ರಕರ್ತ. ಯಾವ ಪತ್ರಿಕೆ ಎಂದು ಕೇಳಬೇಡಿ. ಯಾರ ನೌಕರನೂ ಅಲ್ಲದ ಸ್ವತಂತ್ರ ಪತ್ರಕರ್ತ. (ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನನಗೆ ಆಗಲೇ ಬಂದಿತ್ತು.) ಆಳಂದದ ನಮ್ಮ ಪಡಸಾಲೆಯಲ್ಲಿ ಕುಳಿತು ಯಂತ್ರವಿಜ್ಞಾನ, ಸಂಸ್ಕೃತಿ, ಜಾಗತಿಕ ರಾಜಕಾರಣ ಮೂರನ್ನೂ ಒಬ್ಬನೇ ಸಂಭಾಳಿಸುತ್ತಿದ್ದೆ. ನನ್ನ ಹೆಂಡತಿ ನಿಂಬೆವ್ವನಿಗೆ ಈ ಜವಾಬ್ದಾರಿಯ ಭಾರ ತಿಳಿಯುತ್ತಿರಲಿಲ್ಲ. ನಾನು ಅಣುಶಕ್ತಿಯ ಭವಿಷ್ಯ ಬರೆಯಲು ಕೂತ ಗಳಿಗೆಗೇ ಅವಳ ಒಲೆಗೆ ಕಟ್ಟಿಗೆ ತೀರಿಹೋಗುತ್ತಿತ್ತು.

೧೯೪೭ರ ಬೇಸಿಗೆಯಲ್ಲಿ ಸೊಲ್ಲಾಪುರದ ವಾರಪತ್ರಿಕೆಯೊಂದರ ಸಂಪಾದಕರು ನನಗೊಂದು ಕಾರ್ಡು ಬರೆದರು. ಲಂಡನ್ನು, ಮಾಸ್ಕೋ ಸುದ್ದಿ ನಮಗೆ ತಂತಿಯಲ್ಲೇ ಬರುತ್ತದೆ, ನೀವು ನಿಮ್ಮ ಸೀಮೆಯದನ್ನು ಬರೆಯಿರಿ ಎಂಬುದು ಅದರ ಸಾರ. ನನಗೆ ಅವಮಾನವೇ ಆಯಿತು. ಆದರೆ ಅದೇ ವಾರ ಜೇವರ್ಗಿಯ ಒಂದು ಕರಪತ್ರ ಕೈಗೆ ಬಂತು. ಅಲ್ಲಿ ಪುರಾಣ ಪ್ರವಚನ ಮುಗಿಯುವ ಮಂಗಲವಂತೆ, ಆ ಊರಿಗೆ ಮೊಟ್ಟಮೊದಲ ಬಾರಿ ಧ್ವನಿವರ್ಧಕ ಬರುತ್ತದಂತೆ, ಅದರ ಮುಂದೆ ಸಾಬಮ್ಮ ಎಂಬ ಹಿರಿಯಳು ತತ್ವಪದ ಹಾಡುತ್ತಾಳಂತೆ. ಯಂತ್ರವೂ ಸಂಸ್ಕೃತಿಯೂ ಒಂದೇ ಹಂದರದಡಿ. ಮೇಲಾಗಿ ಜೇವರ್ಗಿ ನಿಂಬೆವ್ವನ ತವರು. ಅವಳು ನಾಲ್ಕು ದಿನ ಮೊದಲೇ ಹೋದಳು. ನಾನು ಮಂಗಲದ ದಿನ ನೇರವಾಗಿ ಬರುತ್ತೇನೆಂದೆ. ಮಾವನವರಿಗೂ ಹಾಗೆಯೇ ಪತ್ರ ಬರೆದೆ.

ಹೊರಟದ್ದೂ ನಿಜ. ಕಲ್ಬುರ್ಗಿಯಲ್ಲಿ ಬಸ್ಸು ಬದಲಿಸುವಾಗ ಗೆಳೆಯ ದೇವಿಂದ್ರಪ್ಪ ಸಿಕ್ಕ. ಮನೆಯಲ್ಲಿ ಹೊಸ ರೇಡಿಯೋ ತಂದಿದ್ದೇನೆ, ಒಂದು ಕಪ್ ಚಹಾ ಕುಡಿದು ಹೋಗು ಎಂದ. ರೇಡಿಯೋದಲ್ಲಿ ಪ್ಯಾಲೆಸ್ಟೈನಿನ ಸಮಸ್ಯೆ ಬರುತ್ತಿತ್ತು. ಆ ಸಮಸ್ಯೆ ಬಗೆಹರಿದ ಮೇಲೆ ಹೊರಟರಾಯಿತು ಎಂದು ಕುಳಿತೆ. ಅದು ಬಗೆಹರಿಯಲಿಲ್ಲ. ಜೇವರ್ಗಿಯ ಬಸ್ಸು ಮಾತ್ರ ಹೊರಟುಹೋಯಿತು.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಲಿಗೆ ಹಿಂಜರಿಯುತ್ತದೆ. ದೇವಿಂದ್ರಪ್ಪನ ಮೇಜಿನ ಮೇಲೆ ಕರಪತ್ರ ಹರಡಿಕೊಂಡು, ಅವನ ಲೇಖನಿಯಿಂದಲೇ ವರದಿ ಬರೆದುಬಿಟ್ಟೆ. ಧ್ವನಿವರ್ಧಕದ ಗಂಭೀರ ನಾದ ಭೀಮಾತೀರದವರೆಗೆ ಹಬ್ಬಿತು, ಸಾಬಮ್ಮನ ಕೋಗಿಲೆ ಕಂಠಕ್ಕೆ ಸಾವಿರಾರು ಜನ ಕಣ್ಣೀರಾದರು, ಬಂಡಿಯ ಎತ್ತುಗಳು ಸಹ ಮೇವು ಬಿಟ್ಟು ತಲೆದೂಗಿದವು. (ಎತ್ತುಗಳ ವಿಷಯ ಬರೆದಾಗ ನನಗೇ ಕಣ್ಣು ತೇವವಾಯಿತು.) ಅಲ್ಲಿಂದಲೇ ಅಂಚೆಗೆ ಹಾಕಿ, ಆಳಂದಕ್ಕೆ ಮರಳಿದೆ.

ನಿಂಬೆವ್ವ ಊರಿಂದ ಬಂದಾಗ, ಜನಜಂಗುಳಿಯಲ್ಲಿ ಗಂಡಸರ ಹಿಂದೆ ನಿಂತಿದ್ದೆ, ವರದಿಯ ಅವಸರಕ್ಕೆ ಮಾವನವರ ಮನೆಗೆ ಬರಲಾಗದೆ ಹಾಗೇ ಹೊರಟೆ ಎಂದು ಹೇಳಿದೆ. ಅವಳು "ಹೌದ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು. ಜಾಗತಿಕ ರಾಜಕಾರಣ ಬಲ್ಲ ನನಗೆ ಆ ಒಂದು ಪದದ ರಾಜಕಾರಣ ತಿಳಿಯಲಿಲ್ಲ.

ಪತ್ರಿಕೆ ಬಂತು. ಮೊದಲ ಪುಟದಲ್ಲೇ ನನ್ನ ವರದಿ. ಓಣಿಯ ಹತ್ತು ಜನರನ್ನು ಕಟ್ಟೆಯ ಮೇಲೆ ಕೂಡಿಸಿ, ಎತ್ತುಗಳ ಭಾಗವನ್ನು ಎರಡು ಸಲ ಓದಿದೆ. ಎಲ್ಲರೂ ಹೊಗಳಿ ಹೋದರು. ಒಳಗೆ ಬಂದರೆ ನಿಂಬೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆಯೇ ಅವತ್ತು ನಡೆದದ್ದನ್ನು ಹೇಳಿದಳು. ಆ ಯಂತ್ರ ಶುರುವಾದೊಡನೆ ಕರ್ಕಶವಾಗಿ ಒದರಿತಂತೆ. ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಓಡಿ, ಹಂದರದ ಒಂದು ಬದಿ ಕೆಡವಿದವಂತೆ. ಹಾಡಲು ಬಂದು ಕೂತಿದ್ದ ಸಾಬಮ್ಮ ಎಲ್ಲರಿಗೂ ಕೈಮುಗಿದು, ಒಂದು ಸಾಲೂ ಹಾಡದೆ ಎದ್ದುಹೋದಳಂತೆ.

"ಅಪ್ಪ ಸಂಜೀತನಾ ಊರ ಅಗಸಿ ಬಾಗಲದಾಗ ನಿಮ್ಮ ದಾರಿ ಕಾಯ್ಕೋತ ನಿಂತಿದ್ದರಿ" ಎಂದಳು. "ಅಳಿಯ ಬರ್ತಾನಂತ ಹೋಳಿಗಿ ಮಾಡಿಸಿದ್ದರು. ತಾವೂ ಉಣಲಿಲ್ಲ."

ನಾನು ಪತ್ರಿಕೆಯನ್ನು ಮಡಚಿದೆ, ಮತ್ತೆ ಮಡಚಿದೆ. ಅದು ಎಷ್ಟು ಮಡಚಿದರೂ ಕಾಣದಷ್ಟು ಸಣ್ಣದಾಗಲಿಲ್ಲ. ಅವಳು ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಗಂಡಸುತನ ಉಳಿಸಿಕೊಳ್ಳಬಹುದಿತ್ತು. ಆಕೆ ಬೈಯಲಿಲ್ಲ.

ಎಂಟು ದಿನದ ಮೇಲೆ, ಬೆಳಗಿನ ರೊಟ್ಟಿಯ ಹೊತ್ತಿಗೆ, ಬಿಳಿ ಸೀರೆಯ ಮುದುಕಿಯೊಬ್ಬಳು ನಮ್ಮ ಬಾಗಿಲಿಗೆ ಬಂದಳು. ನಿಂಬೆವ್ವ ಎದ್ದು ಓಡಿ, ಕಾಲಿಗೆ ನೀರು ಕೊಟ್ಟು, ಸಾಬಮ್ಮಾಯಿ ಎಂದು ನಮಸ್ಕರಿಸಿದಳು. ಆಳಂದದಲ್ಲಿದ್ದ ಮೊಮ್ಮಗಳನ್ನು ನೋಡಲು ಬಂದವಳು, ತಮ್ಮೂರ ಅಳಿಯನ ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಹಿತ್ತಲ ಬಾಗಿಲಿನ ಕಡೆ ನೋಡಿದೆ. ಅಲ್ಲಿ ಎಮ್ಮೆ ಅಡ್ಡ ನಿಂತಿತ್ತು.

"ಅಳಿಯಪ್ಪಾರ, ನನ್ನ ಬಗ್ಗೆ ಪೇಪರಿನ್ಯಾಗ ಬರದೀರಂತ" ಎಂದಳು ಸಾಬಮ್ಮ. "ನಮ್ಮೂರಾಗ ಮಂದಿ ನನ್ನ ನೋಡಿ ನಗಲಾಕತ್ತಾರ. ಯಾಕ ಅಂತ ಯಾರೂ ಹೇಳವೊಲ್ಲರು. ನನಗ ಓದಲಿಕ್ಕಿ ಬರಲ್ಲ. ಏನ ಬರದೀರಿ ಓದ್ರಿ."

ಪತ್ರಿಕೆ ಎಲ್ಲೋ ಕಳೆದುಹೋಗಿದೆ ಎಂದು ನಾನು ಹೇಳುತ್ತಿದ್ದಂತೆಯೇ ನಿಂಬೆವ್ವ ಅದನ್ನು ಪೆಟ್ಟಿಗೆಯಿಂದ ತಂದು ನನ್ನ ಕೈಗೆ ಕೊಟ್ಟಳು.

ಓದಿದೆ. ಕಟ್ಟೆಯ ಮೇಲೆ ಓದಿದ ಅದೇ ಅಕ್ಷರಗಳು, ಆದರೆ ಒಂದೊಂದು ಸಾಲಿಗೂ ದನಿ ಇಳಿಯುತ್ತ ಹೋಯಿತು. ಕೋಗಿಲೆ ಕಂಠಕ್ಕೆ ಬಂದಾಗ ನನ್ನ ಕಂಠವೇ ನಿಂತಿತು. ಎತ್ತುಗಳನ್ನು ಹಾರಿಸಿಬಿಟ್ಟೆ. ಎತ್ತು ಉಳಿದವು ಎಂದು ನಿಂಬೆವ್ವ ನೆನಪಿಸಿದಳು. ಅವನ್ನೂ ಓದಿದೆ.

"ಚಂದ ಬರದೀರಿ" ಎಂದಳು ಸಾಬಮ್ಮ. "ಖರೆ ಅವತ್ತ ನಾ ಹಾಡೇ ಇಲ್ಲರಿ."

"ಗೊತ್ತದ, ಆಯಿ. ನಾನೂ ಅವತ್ತ ಬಂದೇ ಇಲ್ಲ" ಎಂದೆ. ನಾನು ಆ ತಿಂಗಳಲ್ಲಿ ಕೊಟ್ಟ ಮೊದಲ ಸತ್ಯವಾದ ವರದಿ ಅದು.

ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಕೈಯ ಪತ್ರಿಕೆಯನ್ನು ತೆಗೆದುಕೊಂಡು, ಬಾರದ ಅಕ್ಷರಗಳ ಮೇಲೊಮ್ಮೆ ಬೆರಳಾಡಿಸಿ, ನೆಲದ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡಳು.

"ನೀವು ಕೇಳಿಲ್ಲ, ನಾ ಹಾಡಿಲ್ಲ. ಇಬ್ಬರ ಕೆಲಸಾನೂ ಉಳದದ. ಕುಂದರ್ರಿ."

ಹಾಡಿದಳು. ಕೈಯಲ್ಲಿ ಏಕತಾರಿಯಿಲ್ಲ, ಅಂಗೈಯಿಂದ ತೊಡೆ ತಟ್ಟುತ್ತ ಹಾಡಿದಳು. ಕೋಗಿಲೆ ಕಂಠವಲ್ಲ ಅದು. ಎರಡು ಕಡೆ ಒಡೆದ, ಎಪ್ಪತ್ತು ದಾಟಿದ ದನಿ. ದೂರದ ಹೊಲದಿಂದ ಯಾರೋ ನಮ್ಮ ಹೆಸರು ಹಿಡಿದು ಕರೆದಂತೆ ಕೇಳಿತು. ನಿಂಬೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ನಾನು ತಲೆ ಎತ್ತಲೇ ಇಲ್ಲ.

ಅವಳು ಉಂಡು ಹೋದ ಮೇಲೆ ನಿಂಬೆವ್ವ ಮಸಿಕುಡಿಕೆ ತಂದು ನನ್ನ ಮುಂದಿಟ್ಟಳು. ಮೂರು ದಿನ ಹಿಡಿಯಿತು. ಒಂದೂ ಅಲಂಕಾರ ಸೇರಿಸದೆ, ನಾನು ಹೋಗದಿದ್ದದ್ದು, ಸುಳ್ಳು ಬರೆದದ್ದು, ಅವಳು ಬಂದದ್ದು, ಹಾಡಿದ್ದು, ಎಲ್ಲವನ್ನೂ ಇದ್ದಂತೆ ಬರೆದು ಸೊಲ್ಲಾಪುರಕ್ಕೆ ಕಳಿಸಿದೆ.

ಹದಿನೈದು ದಿನಕ್ಕೆ ಲೇಖನ ವಾಪಸು ಬಂತು, ಜೊತೆಗೊಂದು ಕಾರ್ಡು. ಏನು ಬರೆದಿದ್ದಾರೆ ಎಂದು ನಿಂಬೆವ್ವ ಕೇಳಿದಳು. ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ; ಓದಿ ಹೇಳಿದೆ.

"ತಮ್ಮ ಜೇವರ್ಗಿಯ ವರದಿಯಲ್ಲಿ ಕಣ್ಣಾರೆ ಕಂಡವರ ಕಳೆ ಇತ್ತು. ಆದರೆ ಈ ಲೇಖನ ಮನೆಯಲ್ಲಿ ಕುಳಿತು ಕಲ್ಪಿಸಿಕೊಂಡು ಬರೆದಂತಿದೆ. ಹೀಗೆಲ್ಲ ಎಲ್ಲಿಯೂ ನಡೆಯುವುದಿಲ್ಲ. ಇನ್ನು ಮುಂದೆ ಸ್ಥಳಕ್ಕೆ ಹೋಗಿ ನೋಡಿ ಬರೆಯಬೇಕಾಗಿ ವಿನಂತಿ."

ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕಳು. ಒಂದು ತಿಂಗಳಿಂದ ಅವಳು ನಕ್ಕಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, "ನಾಳಿಗಿ ಮುಂಜಾನಿ ಬಸ್ಸಿಗಿ ಹೊಂಡ್ರಿ" ಎಂದಳು. "ಸಾಬಮ್ಮಾಯಿಗಿ ಈ ಕಾರ್ಡ ಓದಿ ಹೇಳೂದದ. ಅಪ್ಪನ ಮುಂದೂ ಓದ್ರಿ."

ಹೀಗೆ ನಾನು ಕಡೆಗೂ ಜೇವರ್ಗಿಗೆ ಹೋದೆ.