ಹಾಲು ಬಿಟ್ಟವಳು, ಹಾಗಲಕಾಯಿ ಬಿಟ್ಟವನು

ಕಾಶಿಗೆ ಬಂದವರು ಏನಾದರೊಂದನ್ನು ಇಲ್ಲಿ ಬಿಟ್ಟು ಹೋಗಬೇಕು ಎನ್ನುವುದು ನಮ್ಮ ಕಡೆಯವರಲ್ಲಿ ಬಹಳ ಹಳೆಯ ರೂಢಿ. ಒಂದು ಹಣ್ಣೋ ಒಂದು ತರಕಾರಿಯೋ ಆದರೆ ಸಾಕು. ಅಂಗೈಯಲ್ಲಿ ನೀರು ಹಿಡಿದು, ಅದರ ಹೆಸರು ಹೇಳಿ, ನೀರನ್ನು ಗಂಗೆಗೆ ಬಿಟ್ಟರೆ ಮುಗಿಯಿತು; ಜೀವ ಇರುವ ತನಕ ಮತ್ತೆ ಅದನ್ನು ಬಾಯಿಗೆ ಇಡುವಂತಿಲ್ಲ. ಬಂದು ಹೋಗುವವರಿಗೆ ಇದು ಸುಲಭ. ನನ್ನ ಹಾಗೆ ಕಾಶಿಯಲ್ಲೇ ಹುಟ್ಟಿ, ಕಾಶಿಯಲ್ಲೇ ಓದಿ, ಕಾಶಿಯಲ್ಲೇ ತಲೆಗೂದಲು ಉದುರಿಸಿಕೊಂಡವನು ಎಲ್ಲಿಗೆ ಹೋಗಿ ಏನು ಬಿಡಬೇಕು? ಧಾರವಾಡಕ್ಕೆ ಹೋಗಿ ಫೇಡೆ ಬಿಡಬೇಕೆ? ಈ ಪ್ರಶ್ನೆಗೆ ನನಗೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ಗೊಂದಲ ನನಗೆ ಹೊಸದೂ ಅಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ದೋಣಿಯವನ ಜೊತೆ ಜಗಳಕ್ಕೆ ಭೋಜಪುರಿ, ದೇವರ ಮುಂದೆ ಸಂಸ್ಕೃತ ಎಂದು ಬದುಕುವವನು ನಾನು. ಯಾರ ಮುಂದೆ ಇದ್ದೇನೆ ಎಂಬುದನ್ನು ಮರೆತು ದೇವರ ಮೇಲೆ ಭೋಜಪುರಿಯಲ್ಲಿ ರೇಗಿದ್ದೂ ಉಂಟು.

ನನ್ನ ಉದ್ಯೋಗವೇ ಜನರಿಂದ ಬಿಡಿಸುವುದು. ಧಾರವಾಡದ ಕಡೆಯಿಂದ ಬಂದು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನೆಲೆಸಿದ ನಮ್ಮಪ್ಪ, ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುತ್ತಿದ್ದರು. ಅವರ ಪಂಚಪಾತ್ರೆ, ನೀರೆತ್ತುವ ಉದ್ಧರಣೆ ಈಗ ನನ್ನ ಕೈಯಲ್ಲಿವೆ. ಘಾಟಿನ ಮೆಟ್ಟಿಲ ಮೇಲೆ ಯಾತ್ರಿಕರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಅಂಗೈಗೆ ನೀರು ಹಾಕಿ "ಏನ ಬಿಡ್ತೀರಿ?" ಎಂದು ಕೇಳುತ್ತೇನೆ. ಅಲ್ಲಿಯ ತನಕ ಭಕ್ತಿಯಿಂದ ಇದ್ದವರು ಆಗ ಒಮ್ಮೆಲೇ ವ್ಯವಹಾರಸ್ಥರಾಗುತ್ತಾರೆ. ಜನ್ಮದಲ್ಲಿ ಒಮ್ಮೆಯೂ ತಿನ್ನದ ಡ್ರ್ಯಾಗನ್ ಫ್ರೂಟನ್ನು ಕಣ್ಣು ಮುಚ್ಚಿ ಗಂಭೀರವಾಗಿ ಬಿಟ್ಟವರನ್ನು ನಾನು ಕಂಡಿದ್ದೇನೆ. ಗಂಡ ಬದನೆಕಾಯಿ ಎನ್ನುವಷ್ಟರಲ್ಲಿ ಹೆಂಡತಿ ಕೈ ಹಿಡಿದು ನಿಲ್ಲಿಸಿ, "ಅದನ್ನ ಬಿಟ್ರ ಮನ್ಯಾಗ ನಾ ಏನ ಮಾಡ್ಲಿ? ಸೀತಾಫಳ ಬಿಡ್ರಿ" ಎಂದದ್ದೂ ಇದೆ. ಊರಿಗೆ ಹೋದ ಮೇಲೆ ಫೋನು ಬೇರೆ. ಟೊಮೆಟೊ ಬಿಟ್ಟ ಒಬ್ಬರು, "ಭಟ್ರ, ಸಾಸ್ ನಡೀತದೇನ್ರಿ?" ಎಂದು ಕೇಳಿದರು. ಶಾಸ್ತ್ರದಲ್ಲಿ ಸಾಸಿನ ಪ್ರಸ್ತಾಪ ಇಲ್ಲ ಎಂದೆ. ಅವರಿಗೆ ಬಹಳ ಸಮಾಧಾನವಾಯಿತು.

ಇಂಥ ನನಗೆ ಆರು ವರ್ಷದ ಒಬ್ಬ ಮಗಳಿದ್ದಾಳೆ. ಹೆಸರು ಅನ್ನಪೂರ್ಣೆ, ಕರೆಯುವುದು ಅನ್ನು. ಊರಿಗೆಲ್ಲ ಅನ್ನ ಹಾಕುವ ತಾಯಿಯ ಹೆಸರಿಟ್ಟುಕೊಂಡ ಈ ಹುಡುಗಿಗೆ ಒಂದು ಲೋಟ ಹಾಲು ಕುಡಿಸಬೇಕಾದರೆ ಇಡೀ ಮನೆ ಟೊಂಕ ಕಟ್ಟಿ ನಿಲ್ಲಬೇಕು. ತೂಕ ಕಡಿಮೆ ಇದೆ, ದಿನಕ್ಕೆರಡು ಲೋಟ ಹಾಲು ಬೇಕೇ ಬೇಕು ಎಂದು ಭೇಲೂಪುರದ ಡಾಕ್ಟರು ಹೇಳಿದ ಮೇಲಂತೂ ನನ್ನ ಹೆಂಡತಿ ಸುಮಾ ಆ ಹಾಲಿನ ಹಿಂದೆಯೇ ಓಡಾಡುತ್ತಿದ್ದಳು. ಮಗಳ ದೇಹದ ಹೊಣೆ ಅವಳದು, ಬುದ್ಧಿಯ ಹೊಣೆ ನನ್ನದು ಎಂದು ನಾವು ಹಂಚಿಕೊಂಡಿದ್ದೆವು. ನಾನು ನನ್ನ ಪಾಲಿನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದೇನೆ. ಹರಿಶ್ಚಂದ್ರ ಘಾಟಿನ ಮುಂದೆ ಹಾದುಹೋಗುವಾಗಲೆಲ್ಲ ಆ ರಾಜನ ಕಥೆ ಹೇಳಿ, ಆಡಿದ ಮಾತಿಗೆ ತಪ್ಪಬಾರದು ಎಂದು ಅವಳ ತಲೆಗೆ ತುಂಬಿದ್ದೇನೆ. ಈಗ ಯೋಚಿಸಿದರೆ ಅಲ್ಲೇ ಎಡವಟ್ಟಾಯಿತು ಅನಿಸುತ್ತದೆ.

ಮೊನ್ನೆ ಒಂದು ಭಾನುವಾರ ಸುಮಾ ಯಾರದೋ ಮನೆಯ ನಾಮಕರಣಕ್ಕೆಂದು ಗಂಗೆಯ ಆಚೆ ದಡದ ರಾಮನಗರಕ್ಕೆ ಹೋದಳು. ಅನ್ನುವನ್ನು ನಾನು ಘಾಟಿಗೆ ಕರೆದುಕೊಂಡು ಹೋದೆ. ಹಾವೇರಿ ಕಡೆಯ ಹನ್ನೊಂದು ಜನ ಬಂದಿದ್ದರು. ಸಾಲಿನ ಕೊನೆಗೆ ಒಬ್ಬ ಅಜ್ಜಿ. ಏನು ಬಿಡುತ್ತೀರಿ ಎಂದು ಕೇಳಿದ್ದಕ್ಕೆ ಅವರು, "ಹೋಳಿಗಿ ಬಿಡ್ತೇನ್ರಿ. ನಮ್ಮ ಮನಿಯವರು ಹೋದ ಮ್ಯಾಲೆ ಒಬ್ಬಾಕಿನ ತಿನ್ನೂದು ಆಗವಲ್ದು" ಎಂದರು. ನೀರು ಬಿಡುವಾಗ ಅವರ ಕಣ್ಣಲ್ಲೂ ನೀರಿತ್ತು. ಅದನ್ನು ನೋಡಲಾರದೆ ತಲೆ ತಗ್ಗಿಸಿ, ಉದ್ಧರಣೆಯನ್ನು ಪಾತ್ರೆಗೆ ಅದ್ದಿ, ಮುಂದೆ ಚಾಚಿದ್ದ ಇನ್ನೊಂದು ಅಂಗೈಗೆ ನೀರು ಹಾಕಿ "ಏನ ಬಿಡ್ತೀರಿ?" ಎಂದೆ. "ಹಾಲು" ಎಂದಿತು ಸಣ್ಣ ದನಿ. ಮಂತ್ರ ಹೇಳಿ "ಬಿಡ್ರಿ" ಎಂದೆ. ನೀರು ಗಂಗೆಗೆ ಬಿತ್ತು. ಹನ್ನೊಂದು ಜನರ ಸಾಲಿನಲ್ಲಿ ಹನ್ನೆರಡನೆಯ ಕೈ ಎಲ್ಲಿಂದ ಬಂತು ಎಂದು ಹೊಳೆದು ತಲೆ ಎತ್ತುವಷ್ಟರಲ್ಲಿ ಅನ್ನು ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದಳು.

ಮಗು ಆಟವಾಡಿತು ಎಂದು ನಕ್ಕು ಸುಮ್ಮನಾದೆ. ಸೋಮವಾರ ಬೆಳಿಗ್ಗೆ ಸುಮಾ ಹಾಲಿನ ಲೋಟ ತಂದಿಟ್ಟಾಗ ಅನ್ನು ಹಟ ಮಾಡಲಿಲ್ಲ, ಅಳಲಿಲ್ಲ. ಬಹಳ ಶಾಂತವಾಗಿ, "ಅಮ್ಮಾ, ನಾ ಹಾಲು ಬಿಟ್ಟೇನಿ. ಅಪ್ಪನ ಬಿಡಿಸ್ಯಾನ. ಗಂಗಾಜೀ ಮೇ ಛೋಡ್ ದಿಯಾ" ಎಂದಳು. ಸುಮಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ನಾನು ಕೂಡಲೇ ವಕಾಲತ್ತಿಗೆ ನಿಂತೆ. "ಹಾಲು ಹಣ್ಣೂ ಅಲ್ಲ, ಕಾಯಿಪಲ್ಯನೂ ಅಲ್ಲ ಪುಟ್ಟಿ, ಅದು ಲೆಕ್ಕಕ್ಕ ಬರೂದಿಲ್ಲ" ಎಂದೆ. "ಹೋಳಿಗಿ ಏನು ಕಾಯಿಪಲ್ಯನ?" ಎಂದಳು. "ಅದು ಬ್ಯಾರೆ. ನಿಂದು ಬರೇ ಆಟ" ಎಂದೆ. ಅನ್ನು ನನ್ನನ್ನೇ ನೋಡಿದಳು. "ಹಂಗಾರ ಆ ಅಜ್ಜಿದೂ ಆಟನ? ನೀ ಇಬ್ಬರಿಗೂ ಅದ ಮಂತ್ರ ಹೇಳಿದಿ."

ಹೌದು, ಆಟ ಎಂದರೆ ಅವಳು ಹಾಲೇನೋ ಕುಡಿಯುತ್ತಾಳೆ, ಆದರೆ ಇನ್ನು ಮುಂದೆ ನನ್ನ ಬಾಯಿಂದ ಬರುವ ಯಾವ ಮಾತನ್ನೂ ನಂಬುವುದಿಲ್ಲ. ಆ ಅಜ್ಜಿಯ ಕಣ್ಣೀರನ್ನೂ ನಾನೇ ಸುಳ್ಳು ಮಾಡಿದ ಹಾಗೆ. ಆಟವಲ್ಲ ಎಂದರೆ ಮಗು ಬಡಕಲಾಗುತ್ತದೆ. ಸುಮಾ ಮಾತ್ರ ಯಾವ ಗೊಂದಲವೂ ಇಲ್ಲದೆ, "ಬಿಡಿಸಿದವರು ನೀವು. ಮತ್ತ ಹಿಡಸೋರೂ ನೀವ" ಎಂದು ಲೋಟದ ಮೇಲೆ ತಟ್ಟೆ ಮುಚ್ಚಿ ಒಳಗೆ ಹೋದಳು. ಮೂರು ದಿನ ಆ ಲೋಟ ಹಾಗೇ ಬರುತ್ತಿತ್ತು, ಹಾಗೇ ಹೋಗುತ್ತಿತ್ತು. ಆ ಹಾಲನ್ನು ನಾನೇ ಕುಡಿದೆ. ಡಾಕ್ಟರು ತೂಕ ಹೆಚ್ಚಬೇಕು ಎಂದದ್ದು ನನಗಲ್ಲ.

ಬಿಡಿಸುವ ಮಂತ್ರ ನನಗೆ ಗೊತ್ತು, ಬಿಟ್ಟದ್ದನ್ನು ವಾಪಸ್ ಕೊಡಿಸುವ ಮಂತ್ರ ನಮ್ಮಪ್ಪ ಹೇಳಿಕೊಟ್ಟಿರಲಿಲ್ಲ. ಅವರ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದೆ. ಗೋಹತ್ಯೆಗೆ ಪ್ರಾಯಶ್ಚಿತ್ತ ಇತ್ತು, ಗೋವಿನ ಹಾಲಿಗೆ ಇರಲಿಲ್ಲ. ಕೊನೆಗೆ ನಮ್ಮ ಕಡೆಯ ಮಠವೊಂದರಲ್ಲಿ ಇರುವ ವಯಸ್ಸಾದ ಸ್ವಾಮಿಗಳ ಹತ್ತಿರ ಹೋದೆ. ಅವರು ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. "ಏನಪಾ, ಮಾರಿ ಯಾಕ ಹಿಂಗ ಆಗೇದ?" ಎಂದರು. ಕಥೆಯೆಲ್ಲ ಹೇಳಿದೆ. ನಕ್ಕೂ ನಕ್ಕೂ ಅವರಿಗೆ ಕೆಮ್ಮು ಬಂತು. ಸುಧಾರಿಸಿಕೊಂಡು ಕೇಳಿದರು: "ಆ ಕೂಸಿಗೆ ಹಾಲಂದ್ರ ಇಷ್ಟ ಏನು?"

"ಇಲ್ರಿ, ಕಂಡ್ರ ಆಗೂದಿಲ್ಲ."

"ಮತ್ತ ಅದು ಬಿಟ್ಟಂಗ ಹೆಂಗಾತು? ಇಷ್ಟ ಇದ್ದದ್ದು ಬಿಟ್ರ ಅದು ಬಿಟ್ಟದ್ದು. ಬ್ಯಾಡಾದದ್ದು ಬಿಟ್ರ ಅದು ತಪ್ಪಿಸಿಕೊಂಡದ್ದು."

ಇದು ನನಗೆ ಗೊತ್ತಿರದ ಮಾತೇನಲ್ಲ. ಮೊದಮೊದಲು ಯಾತ್ರಿಕರಿಗೆ ನಾನೂ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವರ ಮುಖ ಸಪ್ಪಗಾಗುವುದನ್ನು ನೋಡಿ ನಿಧಾನಕ್ಕೆ ಆ ಮಾತು ಹೇಳುವುದನ್ನೇ ಬಿಟ್ಟೆ. ಕಾಶಿಯಲ್ಲಿ ನಾನು ಸಲೀಸಾಗಿ ಬಿಟ್ಟದ್ದರಲ್ಲಿ ಅದೂ ಒಂದು. ಏನೇ ಇರಲಿ, ಆ ಕ್ಷಣಕ್ಕೆ ನನಗೆ ಹೋದ ಜೀವ ಬಂದಂತಾಯಿತು. ಅಜ್ಜಿಯ ಹೋಳಿಗೆ ನಿಜ, ಅನ್ನುವಿನ ಹಾಲು ಸುಳ್ಳು, ನನ್ನ ಮಂತ್ರಕ್ಕೂ ಧಕ್ಕೆಯಿಲ್ಲ. ಸ್ವಾಮಿಗಳ ಕಾಲಿಗೆ ಬಿದ್ದು, ಗಲ್ಲಿಯ ಹಸುಗಳನ್ನೆಲ್ಲ ತಳ್ಳಿಕೊಂಡು ಮನೆಗೆ ಓಡಿದೆ.

ಅನ್ನು ಹೋಂವರ್ಕ್ ಬರೆಯುತ್ತಿದ್ದಳು. ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು, ನನ್ನ ದನಿಯಲ್ಲಿ ಇಲ್ಲದ ಗಾಂಭೀರ್ಯ ತಂದುಕೊಂಡು ವಿಷಯ ತಿಳಿಸಿದೆ. ಅವಳು ಪೆನ್ಸಿಲ್ ಕಚ್ಚುತ್ತ ಯೋಚಿಸಿದಳು. "ಅಂದ್ರ ಭಾಳ ಇಷ್ಟ ಇದ್ದದ್ದು ಬಿಡಬೇಕು?" ಎಂದಳು. ಹೌದು ಎಂದೆ. "ನಂಗ ಜಿಲೇಬಿ ಇಷ್ಟ. ದೋಣಿ ಇಷ್ಟ. ಅಪ್ಪಾ, ನೀನೂ ಭಾಳ ಇಷ್ಟ" ಎಂದು ನಿಲ್ಲಿಸಿ, "ನಿನ್ನ ಬಿಡ್ಲೇನು?" ಎಂದಳು. ಇಷ್ಟ ಎಂದದ್ದಕ್ಕೆ ಹಿಗ್ಗಬೇಕೋ, ಬಿಡುವ ಪಟ್ಟಿಗೆ ಸೇರಿದ್ದಕ್ಕೆ ಹೆದರಬೇಕೋ ತಿಳಿಯದೆ ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, "ಬ್ಯಾಡವ್ವಾ, ಸಣ್ಣವರು ಏನೂ ಬಿಡಬಾರದು. ಅದು ದೊಡ್ಡವರಿಗಷ್ಟ" ಎಂದುಬಿಟ್ಟೆ. ಹೀಗೆಂದು ಯಾವ ಗ್ರಂಥದಲ್ಲಿದೆಯೋ ನನಗೆ ಗೊತ್ತಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

"ಹಂಗಾರ ದೊಡ್ಡಾಂವ ನೀ ಏನ ಬಿಟ್ಟೀ?" ಎಂದಳು.

ಇದಕ್ಕೆ ಮಾತ್ರ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಯಾತ್ರಿಕರು ಕೇಳಿದಾಗಲೆಲ್ಲ ಹೇಳುವ ಉತ್ತರ. ಮದುವೆಯಾದ ಹೊಸತರಲ್ಲಿ ಸುಮಾಳನ್ನು ಜೊತೆಗೆ ಕರೆದುಕೊಂಡು ಹೋಗಿ ಕೇದಾರ ಘಾಟಿನಲ್ಲೇ ನೀರು ಬಿಟ್ಟಿದ್ದೆ. "ಹಾಗಲಕಾಯಿ" ಎಂದೆ ಹೆಮ್ಮೆಯಿಂದ. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ಸೆರಗಿಗೆ ಕೈ ಒರೆಸುತ್ತ ಸುಮಾ ಬಾಗಿಲಿಗೆ ಬಂದು ನಿಂತಳು. "ಕೇಳು, ನಿಮ್ಮಪ್ಪಗ ಹಾಗಲಕಾಯಿ ಭಾಳ ಇಷ್ಟ ಇತ್ತು" ಎಂದಳು. ಅವಳ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾದು ಕೂತಿದ್ದ ನಗು. "ನಾ ಈ ಮನಿಗೆ ಬಂದು ಮೊದಲ ಸಲ ಮಾಡಿದ ಪಲ್ಯ ಹಾಗಲಕಾಯಿದು. ಎಲಿ ತುದೀಗೆ ಸರಿಸಿ ಎದ್ದರು. ಮರುದಿನಾನ ಹೋಗಿ ಗಂಗ್ಯಾಗ ಬಿಟ್ಟು ಬಂದರು." ಅನ್ನು ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಮಡಿಲಿನಿಂದ ಇಳಿದು, ನಾನು ಕಲಿಸಿದ ನ್ಯಾಯವನ್ನು ನನಗೇ ಒಪ್ಪಿಸಿದಳು. "ಹಂಗಾರ ನಿಂದೂ ತಪ್ಪಿಸಿಕೊಂಡದ್ದು. ನೀ ಕರೇಲಾ ತಿನ್ನು, ನಾ ಹಾಲು ಕುಡೀತೀನಿ."

ಆವತ್ತಿನಿಂದ ನಮ್ಮ ಮನೆಯಲ್ಲಿ ಹಾಲು ಖಾಲಿಯಾಗುತ್ತಿದೆ. ಸುಮಾ ಸಂತೆಯಲ್ಲಿ ಅತಿ ಗಿಡ್ಡ, ಅತಿ ಮುಳ್ಳು, ಅತಿ ಹಸಿರಿನ ಹಾಗಲಕಾಯಿಗಳನ್ನೇ ಆರಿಸಿ ತರುತ್ತಾಳೆ. ಅಪ್ಪ ಮಗಳು ಎದುರುಬದುರು ಕೂತು, ಒಬ್ಬರನ್ನೊಬ್ಬರು ಕಾಯುತ್ತ, ಮೂಗು ಹಿಡಿದು ಮುಗಿಸುತ್ತೇವೆ. ನಾನು ಒಂದು ಹೋಳು ಬಿಟ್ಟರೆ ಅವಳು ಒಂದು ಗುಟುಕು ಬಿಡುತ್ತಾಳೆ. ಘಾಟಿನಲ್ಲಿ ಯಾತ್ರಿಕರು "ಭಟ್ರ, ನೀವೇನ ಬಿಟ್ಟೀರಿ?" ಎಂದು ಕೇಳಿದರೆ ಈಗ ತಡವರಿಸುತ್ತೇನೆ. ಇದ್ದದ್ದೊಂದು ಬಿಟ್ಟಿದ್ದೆ, ಅದೂ ವಾಪಸ್ ಬಂದಿದೆ ಎಂದರೆ ಅವರು ಬೇರೆ ಭಟ್ಟರನ್ನು ಹುಡುಕಿಕೊಂಡು ಹೋದಾರು.

ಇಷ್ಟಕ್ಕೇ ಮುಗಿದಿದ್ದರೆ ನಿಮ್ಮ ಮುಂದೆ ಹೇಳಿಕೊಳ್ಳುತ್ತಿರಲಿಲ್ಲ. ನಿನ್ನೆ ಸುಮಾ ಬೆಲ್ಲ, ಹುಣಿಸೆಹಣ್ಣು ಹಾಕಿ, ಚೆನ್ನಾಗಿ ಹುರಿದು ಪಲ್ಯ ಮಾಡಿದ್ದಳು. ಏನೋ ಯೋಚನೆಯಲ್ಲಿ ತಿನ್ನುತ್ತಿದ್ದವನು ತಟ್ಟೆ ಖಾಲಿಯಾದದ್ದು ನೋಡಿ, "ಇನ್ನೊಂದ ಸ್ವಲ್ಪ ಹಾಕು" ಎಂದುಬಿಟ್ಟೆ. ಸೌಟು ಹಿಡಿದ ಸುಮಾಳ ಕೈ ಗಾಳಿಯಲ್ಲೇ ನಿಂತಿತು. ಅನ್ನು ತುಟಿಯ ಮೇಲೆ ಹಾಲಿನ ಮೀಸೆ ಇಟ್ಟುಕೊಂಡು ನನ್ನನ್ನು ನೋಡಿದಳು. "ಅಪ್ಪಾ, ಇಷ್ಟ ಆತೇನು? ಇಷ್ಟ ಆದ್ರ ಹೇಳು, ನೀರು ತರ್ತೀನಿ, ಈಗ ಖರೇನ ಬಿಡು" ಎಂದು ದೇವರ ಗೂಡಿನ ಕಡೆ ಹೊರಟೇಬಿಟ್ಟಳು. ನಾನು ಆದಷ್ಟು ಮುಖ ಕಿವುಚಿ, "ಛೇ ಛೇ, ವಿಷ ಆಗೇದ ಪುಟ್ಟಿ, ವಿಷ" ಎಂದು, ಎರಡನೆಯ ಸಲ ಬಡಿಸಿದ್ದನ್ನು ಗಬಗಬನೆ ಮುಗಿಸಿದೆ.